ಗೋದಾಮಿನ ಬಾಡಿಗೆ ಕರಾರಿನಲ್ಲಿ ಬೆಂಕಿಯ ಹೊಣೆಯನ್ನೂ ಬರೆಸಿ

ಇವರಿಗೆ: ಮೈಸೂರು ಜಿಲ್ಲಾಧಿಕಾರಿಗಳು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು. ಜಿಲ್ಲೆಯ ಅಗ್ನಿಶಾಮಕ ಅಧಿಕಾರಿಗಳು. ಹಾಗೂ ಈ ನಾಲ್ಕು ತಾಲ್ಲೂಕುಗಳಲ್ಲಿ ಗೋದಾಮು ಬಾಡಿಗೆಗೆ ಕೊಟ್ಟವರು, ಹಿಡಿದವರು.

ವಿಷಯ: ಮಳಿಗೆ, ಕಾರ್ಖಾನೆ, ವಸತಿಯಾಗಿ ಬದಲಾದ ಹಳೆಯ ಗೋದಾಮುಗಳಲ್ಲಿ ಬೆಂಕಿ ಸುರಕ್ಷತೆಯ ಹೊಣೆ ನಿಗದಿಪಡಿಸುವ ಬಗ್ಗೆ.

ಮಾನ್ಯರೇ,

ಈ ನಾಲ್ಕು ಊರುಗಳಲ್ಲೊಂದರಲ್ಲಿ, ಹಿಂದೆ ಹೊಗೆಸೊಪ್ಪು ತುಂಬಿಡುತ್ತಿದ್ದ ಗೋದಾಮನ್ನು ಬಾಡಿಗೆಗೆ ಹಿಡಿದು ಹೊಲಿಗೆ ಘಟಕ ನಡೆಸುತ್ತಿದ್ದೇನೆ. ಯಾವ ಊರೆಂದು ಬರೆಯುತ್ತಿಲ್ಲ. ನನ್ನ ದೂರು ಒಬ್ಬ ಮಾಲೀಕರ ಮೇಲೆ, ಒಂದು ಕಚೇರಿಯ ಮೇಲೆ ಅಲ್ಲ. ನಾಲ್ಕೂ ಊರುಗಳಲ್ಲಿ ನನ್ನಂಥವರ ಪಾಡು ಒಂದೇ.

ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಸಂಜೆಯವರೆಗೆ ಇಲ್ಲಿ ಯಂತ್ರದ ಮುಂದೆ ಕೂರುತ್ತಾರೆ. ಕಟ್ಟಡಕ್ಕೆ ಇರುವುದು ಒಂದೇ ರೋಲಿಂಗ್ ಶಟರ್. ಹಿಂದಿನ ಗೋಡೆಗೆ ಒಂದು ಬಾಗಿಲು ಇಡಿಸಿಕೊಡಿ, ಹಳೆಯ ವೈರಿಂಗ್ ಬದಲಾಯಿಸಿಕೊಡಿ ಎಂದು ಮಾಲೀಕರನ್ನು ಕೇಳಿದೆ. ತಾವು ಕೊಟ್ಟದ್ದು ಗೋದಾಮು, ಅದರೊಳಗೆ ಜನರನ್ನು ಕೂರಿಸಿದವಳು ನಾನು, ಆದ್ದರಿಂದ ಖರ್ಚೂ ನನ್ನದೇ ಎಂದರು. ಸರಿ, ನಾನೇ ಬಾಗಿಲು ಇಡಿಸುತ್ತೇನೆ ಎಂದರೆ ಗೋಡೆ ಮುಟ್ಟಬಾರದು ಎಂದರು. ಪರವಾನಗಿ ಕೊಡುವಲ್ಲಿ ಕರಾರು ಪತ್ರ ಕೇಳಿದರು, ಕಂದಾಯದ ರಸೀದಿ ಕೇಳಿದರು. ಬೆಂಕಿ ಬಿದ್ದರೆ ಒಳಗಿದ್ದವರು ಯಾವ ಕಡೆಯಿಂದ ಹೊರಗೆ ಬರುತ್ತಾರೆ ಎಂದು ಕೇಳಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಮಾಲೀಕರಿಗೂ ನನಗೂ ಮುಗಿಯದ ಈ ವಾದದಲ್ಲಿ ಅಪಾಯಕ್ಕೆ ಕೂತಿರುವವರು ಆ ಹೆಣ್ಣುಮಕ್ಕಳು.

ನಮ್ಮ ಕಡೆಯ ಗೋದಾಮುಗಳ ಕಥೆ ನಿಮಗೆ ಗೊತ್ತಿರುವುದೇ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ವರ್ಜೀನಿಯಾ ತಂಬಾಕಿನ ಸೀಮೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೂ ಮೊದಲು ವ್ಯಾಪಾರಿಗಳು ರೈತರಿಂದ ನೇರವಾಗಿ ಸೊಪ್ಪು ಕೊಂಡು ತುಂಬಿಡುತ್ತಿದ್ದ ಉದ್ದನೆಯ ಕಟ್ಟಡಗಳಲ್ಲಿ ಎಷ್ಟೋ ಆಮೇಲೆ ಬೇರೆ ಕೆಲಸಕ್ಕೆ ತಿರುಗಿದವು. ಭತ್ತದ ನಾಡಾದ ಕೆ.ಆರ್. ನಗರದಲ್ಲಿ ನಿಂತುಹೋದ ಅಕ್ಕಿ ಗಿರಣಿಗಳ ಕಟ್ಟಡಗಳಿವೆ. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆ ಹತ್ತಿ ಮಂಡಿಗಳ ಶೆಡ್ಡುಗಳಿವೆ. ಹುಣಸೂರಿನಲ್ಲಿ ಮರದ ಮಿಲ್ಲುಗಳ ಹಳೆಯ ದಾಸ್ತಾನು ಮನೆಗಳಿವೆ. ದಪ್ಪ ಗೋಡೆ, ಎತ್ತರದ ಮಾಡು, ನೆತ್ತಿಯ ಹತ್ತಿರ ಒಂದೆರಡು ಗವಾಕ್ಷಿ, ಲಾರಿ ಬಂದು ನಿಲ್ಲುವಷ್ಟು ದೊಡ್ಡದಾದ ಒಂದೇ ಬಾಗಿಲು. ಸರಕಿಗೆಂದು ಕಟ್ಟಿದವು ಇವು. ಸರಕು ಓಡುವುದಿಲ್ಲ, ಉಸಿರಾಡುವುದಿಲ್ಲ. ಕಳ್ಳರಿಗೆ ದಾರಿಯಾಗುತ್ತದೆಂದು ಎರಡನೆಯ ಬಾಗಿಲನ್ನು ಬೇಕೆಂದೇ ಇಡಿಸಿರಲಿಲ್ಲ.

ಇಂದು ಅವೇ ಗೋಡೆಗಳ ನಡುವೆ ಸೋಫಾ ಅಂಗಡಿ, ಜಿಮ್, ಟ್ಯೂಷನ್ ಕೇಂದ್ರ, ಶಾಮಿಯಾನದವರ ಥರ್ಮೋಕೋಲ್ ಮತ್ತು ಬಟ್ಟೆಯ ರಾಶಿ, ಆನ್‌ಲೈನ್ ಪಾರ್ಸೆಲ್ ವಿಂಗಡಿಸುವ ಜಾಗ, ಬ್ಯಾಟರಿ ಸ್ಕೂಟರ್‌ಗಳಿಗೆ ರಾತ್ರಿಯಿಡೀ ಚಾರ್ಜ್ ಹಾಕುವ ಸಾಲು. ಕೆಲವು ಕಡೆ ಹೊರ ರಾಜ್ಯದಿಂದ ಬಂದ ಹುಡುಗರು ಕೆಲಸ ಮಾಡುವಲ್ಲೇ ಮಲಗುತ್ತಾರೆ. ಶಟರ್ ಹೊರಗಿನಿಂದ ಎಳೆದು ಬೀಗ ಹಾಕಿರುತ್ತದೆ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. ಈ ಪತ್ರದ ಬೇರೆಲ್ಲ ಮಾತಿಗಿಂತ ಆ ಬೀಗವೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಬೆಂಕಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಹೊಣೆಯ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಗೋದಾಮಿಗೆ ವಿದ್ಯುತ್ ಪಡೆದದ್ದು ನಾಲ್ಕು ಬಲ್ಬು ಉರಿಯಲಿ ಎಂದು. ಆರ್‌ಆರ್ ನಂಬರ್ ಇಂದಿಗೂ ಮಾಲೀಕರ ಹೆಸರಿನಲ್ಲಿ, ಮಂಜೂರಾದ ಲೋಡ್ ಹಳೆಯದೇ. ಒಳಗೆ ಮಾತ್ರ ಹೊಲಿಗೆ ಯಂತ್ರ, ಇಸ್ತ್ರಿ, ಏಸಿ, ಫ್ರಿಜ್ಜು. ತಂತಿ ಬಿಸಿಯಾಗಿ ಹೊದಿಕೆ ಕರಗುತ್ತದೆ, ಒಂದು ದಿನ ಕಿಡಿ ಹಾರುತ್ತದೆ. ಲೋಡ್ ಹೆಚ್ಚಿಸಿಕೊಳ್ಳಿ ಎಂದು ವಿದ್ಯುತ್ ಕಂಪನಿಯಾದ ಚೆಸ್ಕಾಂ ಹೇಳಿದರೆ ಅರ್ಜಿಗೆ ಮಾಲೀಕರ ಸಹಿ ಬೇಕು, ಠೇವಣಿ ಕಟ್ಟಬೇಕು. ಸಹಿ ಹಾಕಬೇಕಾದವರು ಮಾಲೀಕರು, ಹಣ ಕಟ್ಟಬೇಕಾದವರು ಯಾರೆಂದು ಗೊತ್ತಿಲ್ಲ, ಅರ್ಜಿ ಹೋಗುವುದೇ ಇಲ್ಲ. ಅಂದಕ್ಕೆಂದು ಹೊಡೆಸಿದ ಪಿವಿಸಿ ಸೀಲಿಂಗು, ಸೋಫಾದೊಳಗಿನ ಫೋಮು ಉರಿದಾಗ ಬರುವ ಕರಿಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಫೋಮಿನ ಹೊಗೆಯಲ್ಲಿ ಸಯನೈಡ್ ಕೂಡ. ಜ್ವಾಲೆ ಮುಟ್ಟುವ ಮೊದಲೇ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಮಾಡಿನ ಕಬ್ಬಿಣದ ತೊಲೆಗಳು 550 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಮ್ಮ ಬಲದಲ್ಲಿ ಹತ್ತಿರಹತ್ತಿರ ಅರ್ಧ ಕಳೆದುಕೊಳ್ಳುತ್ತವೆ. ಅಷ್ಟು ಶಾಖ ಏರಲು ಗೋದಾಮಿನ ಬೆಂಕಿಗೆ ಬಹಳ ಹೊತ್ತು ಬೇಡ.

ಕಾನೂನು ಏನು ಹೇಳುತ್ತದೆ ಎಂದು ನಾನೂ ಓದಿ, ತಿಳಿದವರಲ್ಲಿ ಕೇಳಿದೆ. 1882ರ ಸ್ವತ್ತು ಹಸ್ತಾಂತರ ಅಧಿನಿಯಮದ 108ನೇ ಕಲಮು ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳನ್ನು ಹೇಳುತ್ತದೆ. ಯಾವ ಕೆಲಸಕ್ಕೆಂದು ಜಾಗ ಪಡೆದೆವೋ ಅದಕ್ಕಲ್ಲದೆ ಬೇರೆ ಕೆಲಸಕ್ಕೆ ಬಾಡಿಗೆದಾರ ಬಳಸುವಂತಿಲ್ಲ, ಕಟ್ಟಡವನ್ನು ಕೆಡವುವಂತಿಲ್ಲ, ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತವಾದದ್ದೇನನ್ನೂ ಕಟ್ಟುವಂತಿಲ್ಲ. ಅಂದರೆ ಹಿಂಬಾಗಿಲು ಇಡುವ ಅಧಿಕಾರ ನನ್ನ ಕೈಯಲ್ಲಿಲ್ಲ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದೂ ಅಲ್ಲೇ ಇದೆ. ಆದರೆ ಯಾವ ದುರಸ್ತಿ ಮಾಲೀಕರು ಮಾಡಲೇಬೇಕಾದದ್ದು? ಅದನ್ನು ಕರಾರು ಹೇಳಬೇಕು. ನಮ್ಮ ಕರಾರುಗಳು ಹೇಳುವುದು ಬಾಡಿಗೆ ಎಷ್ಟು, ಮುಂಗಡ ಎಷ್ಟು, ಬಿಡುವ ಮೊದಲು ಸುಣ್ಣ ಬಳಿಸಬೇಕು ಎಂಬುದನ್ನು. ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ 11 ತಿಂಗಳ ಕರಾರು ಮಾಡುತ್ತಾರೆ. ಟೈಪಿಂಗ್ ಅಂಗಡಿಯಲ್ಲಿ ಹಳೆಯ ಕಡತ ತೆರೆದು ಹೆಸರು ಬದಲಾಯಿಸಿ ಮುದ್ರಿಸಿಕೊಟ್ಟ ಆ ಹಾಳೆಯಲ್ಲಿ ಬೆಂಕಿಯ ಮಾತೇ ಇರುವುದಿಲ್ಲ. ಮನೆಗೆ ಬರೆದ ಕರಾರನ್ನೇ ಗೋದಾಮಿಗೂ ಬರೆದಿರುತ್ತಾರೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ ದಾಸ್ತಾನು ಕಟ್ಟಡಗಳನ್ನು ಒಂದು ಗುಂಪಿನಲ್ಲಿ ಇಡುತ್ತದೆ. ಅಂಗಡಿ, ಕಾರ್ಖಾನೆ, ಜನ ಸೇರುವ ಸಭಾಂಗಣಗಳನ್ನು ಬೇರೆ ಬೇರೆ ಗುಂಪುಗಳಲ್ಲಿ ಇಡುತ್ತದೆ. ಬಳಕೆ ಬದಲಾದರೆ ಅಗತ್ಯಗಳೂ ಬದಲಾಗುತ್ತವೆ ಎಂಬುದೇ ಆ ವಿಂಗಡಣೆಯ ಅರ್ಥ. 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮವೂ ಬೆಂಕಿಯ ಅಪಾಯವಿರುವ ಕಟ್ಟಡಗಳ ಮಾಲೀಕರಿಗಾಗಲಿ ಬಳಸುವವರಿಗಾಗಲಿ ಮುನ್ನೆಚ್ಚರಿಕೆ ವಹಿಸಲು ಸೂಚಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅಧಿಕಾರವಿಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆದರೆ ನಮ್ಮಲ್ಲಿ ಬೆಂಕಿ ಸುರಕ್ಷತೆ ಎಂದ ಕೂಡಲೇ ಬಹುಮಹಡಿ ಕಟ್ಟಡದ ನೆನಪು ಬರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತ ಮೇಲೆ ನಡೆದ ಚರ್ಚೆಯೆಲ್ಲ ಬಹುತೇಕ ಎತ್ತರದ ಕಟ್ಟಡಗಳ ಸುತ್ತಲೇ ನಡೆಯಿತು. ನಮ್ಮ ತಾಲ್ಲೂಕುಗಳ ಗೋದಾಮುಗಳು ನೆಲ ಅಂತಸ್ತಿನವು. ಆ ನಿಯಮಗಳೆಲ್ಲ ಇವುಗಳ ಮಾಡಿನ ಮೇಲಿಂದಲೇ ಹಾದುಹೋಗುತ್ತವೆ.

ತಗ್ಗು ಕಟ್ಟಡಗಳಲ್ಲಿ ಜನ ಸಾಯುವುದಿಲ್ಲವೇ? 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮು ಹೊತ್ತಿಕೊಂಡಾಗ 14 ಮಂದಿ ಅಲ್ಲೇ ಸುಟ್ಟುಹೋದರು, ಗಾಯಗೊಂಡವರಲ್ಲಿ ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ದೀಪಾವಳಿಯ ಕೆಲಸಕ್ಕೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಚಿಕ್ಕ ವಯಸ್ಸಿನ ಹುಡುಗರೇ ಅವರಲ್ಲಿ ಹೆಚ್ಚು. 2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಮಲಗಿದ್ದ 5 ಮಂದಿ ಕೆಲಸಗಾರರು ಎದ್ದು ಹೊರಬರಲಾಗದೆ ಸತ್ತರು. 2019ರ ಡಿಸೆಂಬರ್ 8ರಂದು ದೆಹಲಿಯ ಅನಾಜ್ ಮಂಡಿಯಲ್ಲಿ ಒಂದೇ ಕಟ್ಟಡದೊಳಗೆ ನಡೆಯುತ್ತಿದ್ದ ಸಣ್ಣ ಸಣ್ಣ ತಯಾರಿಕಾ ಘಟಕಗಳಲ್ಲಿ ಮಲಗಿದ್ದ 43 ಮಂದಿ ಸತ್ತರು. ಜಾಗದ ಹೆಸರೇ ದಿನಸಿ ಮಂಡಿ. ನಮ್ಮ ಊರಿನ ಮಂಡಿ ಬೀದಿಯನ್ನು ಬಲ್ಲವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುವಂಥದ್ದು.

ಸತ್ತ ಮೇಲೆ ಹೊಣೆ ಯಾರಿಗೆ ಬರುತ್ತದೆ ಎಂಬುದೂ ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದ ಓಕ್ಲೆಂಡ್‌ನಲ್ಲಿ 2016ರ ಡಿಸೆಂಬರ್ 2ರ ರಾತ್ರಿ ಘೋಸ್ಟ್ ಶಿಪ್ ಎಂಬ ಗೋದಾಮು ಉರಿದು 36 ಮಂದಿ ಸತ್ತರು. ಸರಕಿಗೆಂದು ಕಟ್ಟಿದ ಜಾಗವನ್ನು ಬಾಡಿಗೆ ಹಿಡಿದು ಕಲಾವಿದರ ವಸತಿಯಾಗಿ, ಸಂಗೀತ ಕೂಟದ ತಾಣವಾಗಿ ಮಾಡಿಕೊಂಡಿದ್ದರು. ಮುಖ್ಯ ಬಾಡಿಗೆದಾರ 2021ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದ. ಕಟ್ಟಡದ ಮಾಲೀಕರ ಮೇಲೆ ಕ್ರಿಮಿನಲ್ ಪ್ರಕರಣವೇ ಆಗಲಿಲ್ಲ. ನಮ್ಮಲ್ಲಿ 1997ರ ಜೂನ್ 13ರ ಉಪಹಾರ್ ಚಿತ್ರಮಂದಿರದ ದುರಂತದಲ್ಲಿ 59 ಮಂದಿ ಸತ್ತಿದ್ದರು. ಬೆಂಕಿ ಶುರುವಾದದ್ದು ಅದೇ ಕಟ್ಟಡದೊಳಗೆ ದೆಹಲಿಯ ವಿದ್ಯುತ್ ಮಂಡಳಿ ಇರಿಸಿಕೊಂಡಿದ್ದ ಟ್ರಾನ್ಸ್‌ಫಾರ್ಮರ್‌ನಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಶೇಕಡಾ 85ರಷ್ಟು ಭಾರವನ್ನು ಚಿತ್ರಮಂದಿರದವರ ಮೇಲೂ ಶೇಕಡಾ 15ರಷ್ಟನ್ನು ವಿದ್ಯುತ್ ಮಂಡಳಿಯ ಮೇಲೂ ಹಾಕಿತು. ಹೊಣೆಯನ್ನು ಪಾಲು ಮಾಡಲು ಸಾಧ್ಯ ಎಂದಾಯಿತು. ಆದರೆ ಅದಕ್ಕೆ ಸತ್ತವರ ಮನೆಯವರು 14 ವರ್ಷ ಕಾಯಬೇಕಾಯಿತು. ಬೆಂಕಿ ಬೀಳುವ ಮೊದಲೇ, ಎಲ್ಲರೂ ಬದುಕಿರುವಾಗಲೇ ಆ ಪಾಲನ್ನು ಬರೆದಿಡೋಣ ಎಂಬುದೇ ನನ್ನ ಕೋರಿಕೆ.

ಇಂಗ್ಲೆಂಡಿನಲ್ಲಿ 2005ರ ಅಗ್ನಿ ಸುರಕ್ಷತಾ ಆದೇಶದ ಪ್ರಕಾರ ಇಂಥ ಪ್ರತಿ ಕಟ್ಟಡಕ್ಕೂ ಹೊಣೆಗಾರರು ಇರಲೇಬೇಕು. ಮಾಲೀಕ, ಬಾಡಿಗೆದಾರ ಇಬ್ಬರೂ ಹೊಣೆಗಾರರಾಗಿದ್ದರೆ ಒಬ್ಬರೊಂದಿಗೊಬ್ಬರು ಸಹಕರಿಸಬೇಕು. 2023ರ ಅಕ್ಟೋಬರ್‌ನಿಂದ ಅಪಾಯದ ಅಂದಾಜನ್ನು ಪೂರ್ತಿಯಾಗಿ ಬರಹದಲ್ಲಿ ಇಡುವುದೂ ಕಡ್ಡಾಯವಾಗಿದೆ. ನಮ್ಮ ಟೈಪಿಂಗ್ ಅಂಗಡಿಯ ಹಾಳೆಯಲ್ಲೂ ಇದು ಸಾಧ್ಯ.

ಮಾಲೀಕರ ಕಷ್ಟವನ್ನೂ ಹೇಳದಿದ್ದರೆ ಈ ಪತ್ರ ನ್ಯಾಯವಾಗುವುದಿಲ್ಲ. ಗೋದಾಮಿನ ಮಾಲೀಕರೆಲ್ಲ ಸಾಹುಕಾರರಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಶೆಡ್ಡಿನ ಬಾಡಿಗೆಯಲ್ಲಿ ಸಂಸಾರ ತೂಗಿಸುವ ತಾಯಂದಿರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ತಾವು ಊರಿನಲ್ಲಿ ಒಬ್ಬರೇ ಎಂಬ ಹಿರಿಯರಿದ್ದಾರೆ. ಗೊಬ್ಬರದ ದಾಸ್ತಾನಿಗೆ ಎಂದು ಹೇಳಿ ಜಾಗ ಹಿಡಿದು, ಆಮೇಲೆ ಒಳಗೆ ವೆಲ್ಡಿಂಗ್ ಶುರುಮಾಡುವ ಬಾಡಿಗೆದಾರರೂ ಇದ್ದಾರೆ. ಅಂಥವರು ತಂದಿಟ್ಟ ಅಪಾಯಕ್ಕೆ ಮಾಲೀಕರನ್ನೇ ಹಿಡಿಯುವುದು ಸರಿಯಲ್ಲ. ಆದರೆ ತಿಂಗಳು ತಿಂಗಳು ಬಾಡಿಗೆಗೆ ಬಂದು ನಿಲ್ಲುವವರಿಗೆ ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣುತ್ತದೆ. ಕಂಡೂ ಬಾಡಿಗೆ ಪಡೆದವರಿಗೆ ಪಾಲು ಇದ್ದೇ ಇರುತ್ತದೆ.

ವಿಮೆಯ ವಿಚಾರದಲ್ಲಿ ಇಬ್ಬರೂ ಕತ್ತಲಲ್ಲಿದ್ದೇವೆ. ಬೆಂಕಿ ವಿಮೆಯಲ್ಲಿ ಕಟ್ಟಡದೊಳಗೆ ಯಾವ ಕೆಲಸ ನಡೆಯುತ್ತದೆ ಎಂದು ಬರೆಸಬೇಕು. ಆ ಕೆಲಸ ಬದಲಾಗಿ ಅಪಾಯ ಹೆಚ್ಚಿದರೆ, ಕಂಪನಿಗೆ ತಿಳಿಸಿ ಒಪ್ಪಿಸಿಕೊಳ್ಳದಿದ್ದರೆ ರಕ್ಷಣೆ ನಿಂತುಹೋಗುವ ಷರತ್ತು ಮಾಮೂಲಿ ಪಾಲಿಸಿಯಲ್ಲೇ ಇದೆ. ಅಕ್ಕಿ ದಾಸ್ತಾನೆಂದು ವಿಮೆ ಮಾಡಿಸಿದ ಕಟ್ಟಡದಲ್ಲಿ ಫೋಮಿನ ಹಾಸಿಗೆ ಮಾರುತ್ತಿದ್ದರೆ ಮಾಲೀಕರ ಕೈಗೆ ಏನು ಬಂದೀತು? 2021ರ ಏಪ್ರಿಲ್‌ನಿಂದ 5 ಕೋಟಿ ರೂಪಾಯಿವರೆಗಿನ ಸಣ್ಣ ಉದ್ದಿಮೆಗಳಿಗೆಂದೇ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರು ನನಗೆ ಸಿಗಲಿಲ್ಲ.

ತಂಬಾಕು ಸೊಪ್ಪು ಬೇಯಿಸುವ ಬ್ಯಾರನ್‌ಗಳ ಮಾತನ್ನು ಬಿಟ್ಟು ಈ ಸೀಮೆಯಲ್ಲಿ ಬೆಂಕಿಯ ಮಾತಾಡಲಾಗದು. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಸುಟ್ಟ ಸುದ್ದಿ ನಮಗೆ ಹೊಸದಲ್ಲ. ಒಣಗಿ ಗರಿಗರಿಯಾದ ಎಲೆ ಕಡ್ಡಿಯಿಂದ ಜಾರಿ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಸಾಕು. ಕೊನೆಯ ಹಂತದಲ್ಲಿ, ಎಲೆಯ ನರ ಒಣಗಿಸಲು 70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಶಾಖ ಏರಿಸಿದಾಗ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಬ್ಯಾರನ್ ಸೊಪ್ಪು ಬೂದಿ. ಆ ರೈತನ ವರ್ಷದ ದುಡಿಮೆಯೂ ಅದರೊಡನೆ ಹೋಗುತ್ತದೆ. ತನ್ನದೇ ಬ್ಯಾರನ್ ಇಲ್ಲದವರು ಇನ್ನೊಬ್ಬರ ಬ್ಯಾರನ್ ಬಾಡಿಗೆಗೆ ಹಿಡಿದು ಬೇಯಿಸುತ್ತಾರೆ. ಸುಟ್ಟಾಗ ಸೊಪ್ಪು ಬಾಡಿಗೆದಾರನದು, ಗೋಡೆ ಮತ್ತು ಮಾಡು ಮಾಲೀಕನದು. ಕೊಳವೆ ತೂತಾಗಿತ್ತು ಎಂದು ಒಬ್ಬರು, ಸೌದೆ ಹೆಚ್ಚು ಒಟ್ಟಿದೆ ಎಂದು ಇನ್ನೊಬ್ಬರು. ಪಂಚಾಯಿತಿಕಟ್ಟೆಯಲ್ಲಿ ತೀರ್ಮಾನವಾಗದ ಜಗಳಗಳಿವು. ಹಳೆಯ ಕೊಳವೆ ಬದಲಾಯಿಸುವುದು, ಅದರ ಮೇಲೆ ತಂತಿ ಜಾಲರಿ ಹಾಕಿಸುವುದು ಮಾಲೀಕರ ಕೆಲಸ. ರಾತ್ರಿ ಕಾವಲಿದ್ದು ಶಾಖ ನೋಡಿಕೊಳ್ಳುವುದು ಬೇಯಿಸುವವರ ಕೆಲಸ. ಇಷ್ಟನ್ನು ಮಳೆಗಾಲಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಎಷ್ಟು ಸಂಬಂಧಗಳು ಉಳಿಯುತ್ತಿದ್ದವು! ಗೋದಾಮಿಗೆ ನಾನು ಕೇಳುತ್ತಿರುವುದೂ ಇಂಥದ್ದೇ.

ಕಟ್ಟಡದ ಮೈಗೆ ಸೇರಿದ್ದೆಲ್ಲ ಮಾಲೀಕರ ಪಾಲಿಗಿರಲಿ: ಎರಡನೆಯ ಬಾಗಿಲು, ಮೀಟರ್ ಮತ್ತು ಮುಖ್ಯ ವೈರಿಂಗ್, ಅಗತ್ಯವಿರುವಷ್ಟು ಲೋಡ್, ಲಾರಿ ಬರುವ ದಾರಿ. ಒಳಗೆ ನಾವು ತಂದದ್ದೆಲ್ಲ ನಮ್ಮ ಪಾಲಿಗಿರಲಿ: ಐಎಸ್ಐ ಗುರುತಿನ ಅಗ್ನಿನಂದಕ ಮತ್ತು ಅದರ ವಾರ್ಷಿಕ ತಪಾಸಣೆ, ಸರಕು ಜೋಡಿಸುವ ಬಗೆ, ಬಾಗಿಲಿಗೆ ಅಡ್ಡವಿಡದಿರುವುದು, ಕೆಲಸಗಾರರಿಗೆ ತರಬೇತಿ. ಗೊತ್ತುಪಡಿಸಿದ ಅವಧಿಯಲ್ಲಿ ಮಾಲೀಕರು ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದೆಂದು ಕರಾರಿನಲ್ಲೇ ಬರೆದಿರಲಿ. ಹೇಳಿದ ಕೆಲಸ ಬಿಟ್ಟು ಬೇರೆ ಕೆಲಸ ಮಾಡಿದ ಬಾಡಿಗೆದಾರನನ್ನು ಬಿಡಿಸುವ ಹಕ್ಕು ಮಾಲೀಕರಿಗಿರಲಿ. ಉದ್ದಿಮೆ ಪರವಾನಗಿ ಕೊಡುವಾಗ, ನವೀಕರಿಸುವಾಗ, ಇಬ್ಬರ ಸಹಿಯಿರುವ ಈ ಒಂದು ಪುಟವನ್ನು ಕೇಳಿ. ಅದರಲ್ಲಿ ಕಟ್ಟಡದ ಮೂಲ ಬಳಕೆ, ಈಗಿನ ಬಳಕೆ, ಒಳಗೆ ಎಷ್ಟು ಜನ ಎಂಬುದಿರಲಿ. ಅದರ ಒಂದು ಪ್ರತಿ ಅಗ್ನಿಶಾಮಕ ಠಾಣೆಗೆ ಹೋಗಲಿ. ಕರೆ ಬಂದಾಗ ಒಳಗಿರುವುದು ಅಕ್ಕಿಯೋ ಆಸಿಡ್ಡೋ ಎಂದು ಠಾಣೆಯ ಸಿಬ್ಬಂದಿಗೆ ಮೊದಲೇ ಗೊತ್ತಿರಬೇಕು. ಪ್ರತಿ ವರ್ಷ ಏಪ್ರಿಲ್ 14ರಂದು ಆಚರಿಸುವ ಅಗ್ನಿಶಾಮಕ ಸೇವಾ ದಿನದ ಹಿಂದೆ ಇರುವುದೂ ಇಂಥದೇ ದಾಸ್ತಾನು: 1944ರಲ್ಲಿ ಹತ್ತಿ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಮುಂಬೈ ಬಂದರಿನಲ್ಲಿ ಸಿಡಿದು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತರು.

ಸಣ್ಣ ಮಾಲೀಕರಿಗೆ ಬಾಗಿಲು, ವೈರಿಂಗ್ ಮಾಡಿಸಿದ ವರ್ಷ ಕಂದಾಯದಲ್ಲಿ ಏನಾದರೂ ರಿಯಾಯಿತಿ ಕೊಡಲು ಬರುತ್ತದೆಯೇ ನೋಡಿ. ದಂಡಕ್ಕಿಂತ ಅದು ಬೇಗ ಕೆಲಸ ಮಾಡೀತು ಎಂಬುದು ನನ್ನ ನಂಬಿಕೆ. ಆದರೆ ಒಂದು ವಿಷಯದಲ್ಲಿ ರಿಯಾಯಿತಿಯೂ ಬೇಡ, ಗಡುವೂ ಬೇಡ. ಒಳಗೆ ಜನ ಮಲಗಿರುವ ಕಟ್ಟಡಕ್ಕೆ ಹೊರಗಿನಿಂದ ಬೀಗ ಹಾಕುವುದನ್ನು ನಾಳೆಯಿಂದಲೇ ನಿಲ್ಲಿಸಿ. ಅದಕ್ಕೆ ಹೊಸ ನಿಯಮ ಬೇಕಿಲ್ಲ, ಹಣ ಬೇಕಿಲ್ಲ. ರಾತ್ರಿ ಗಸ್ತಿನ ಪೊಲೀಸರು ಶಟರ್ ತಟ್ಟಿ ನೋಡಿದರೂ ತಿಳಿಯುತ್ತದೆ.

ಈ ವರ್ಷ ಸೊಪ್ಪಿನ ಹರಾಜು ಶುರುವಾಗಿ, ಗೋದಾಮುಗಳು ತುಂಬಿ, ದೀಪಾವಳಿಯ ಸರಕು ಬರುವ ಮೊದಲೇ ನಾಲ್ಕೂ ಊರುಗಳಲ್ಲಿ ಒಂದೊಂದು ಸಭೆ ಕರೆಯಿರಿ. ಮಾಲೀಕರು, ಬಾಡಿಗೆದಾರರು, ಚೆಸ್ಕಾಂ, ಅಗ್ನಿಶಾಮಕ ಠಾಣೆ, ಪರವಾನಗಿ ವಿಭಾಗ ಒಂದೇ ಕೋಣೆಯಲ್ಲಿ ಕೂರಲಿ. ಒಂದು ಪುಟದ ಆ ಒಪ್ಪಂದದ ಕರಡನ್ನು ವಕೀಲರಿಂದ ಬರೆಸಿ ಇಟ್ಟುಕೊಂಡಿದ್ದೇನೆ. ನಮ್ಮ ಮಾಲೀಕರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಸಭೆ ಕರೆದರೆ ತಾವೂ ಬರುವುದಾಗಿ ಹೇಳಿದ್ದಾರೆ. ದಿನಾಂಕ ತಿಳಿಸಿ.

ಇತಿ,
ಗೋದಾಮಿನ ಬಾಡಿಗೆದಾರಳು